ಟ್ಯೂಷನ್‌ಗೆ ಓಡೋ ಮಕ್ಕಳ ನಾಷ್ಟಾ, ತೂಕ ಮತ್ತು ಶುಗರ್: ಪ್ರಶ್ನೋತ್ತರ

ಪ್ರಶ್ನೆ (ಧಾರವಾಡ): ಮೇಡಂ, ಮಗಳಿಗೆ 15 ವರ್ಷ. ಮುಂಜಾನೆ ಆರೂವರಿಗೆ ಟ್ಯೂಷನ್, ಚಾ ಜೋಡಿ ನಾಕು ಟೋಸ್ಟ್ ತಿಂದು ಹೊಂಟಬಿಡ್ತಾಳ. ಹತ್ತೂವರಿಗೆ ಹಸಿವು ತಡೀಲಾರದ ಗಿರ್ಮಿಟ್, ಮಿರ್ಚಿ. ವರ್ಷದಾಗ 9 ಕೆಜಿ ಏರ್ಯಾಳ, ಕುತ್ತಿಗಿ ಹಿಂದ ಕಪ್ಪಾಗೈತಿ. ಅವರಪ್ಪಗ ಶುಗರ್ ಐತಿ. ನಾಷ್ಟಾ ಬಿಡಿಸಿದ್ರ ತೂಕ ಇಳೀತೈತೇನ್ರಿ?

ಉತ್ತರ (ಆಹಾರ ತಜ್ಞೆ, ಹುಬ್ಬಳ್ಳಿ): ಬಿಡಿಸಬ್ಯಾಡ್ರಿ ಅಕ್ಕಾರ, ಬದಲಾಯಿಸ್ರಿ. ಸಕ್ಕರೆ ಚಾ, ಮೈದಾ ಟೋಸ್ಟ್ ಎರಡರಲ್ಲೂ ಹೊಟ್ಟೆ ಹಿಡಿದು ನಿಲ್ಲಿಸುವ ಪ್ರೋಟೀನ್, ನಾರು ತೀರಾ ಕಡಿಮೆ. ಅರ್ಧ-ಒಂದು ತಾಸಿನಲ್ಲಿ ರಕ್ತದ ಸಕ್ಕರೆ ಏರುತ್ತದೆ, ಇಳಿಸಲು ಇನ್ಸುಲಿನ್ ಜೋರಾಗಿ ಬರುತ್ತದೆ, ಎರಡು-ಮೂರು ತಾಸಿಗೆ ಮತ್ತೆ ಹಸಿವು. ಹರೆಯದಲ್ಲಿ ಬೆಳವಣಿಗೆಯ ಹಾರ್ಮೋನಿನಿಂದ ಇನ್ಸುಲಿನ್ ಕೆಲಸ ಮೊದಲೇ ಸ್ವಲ್ಪ ಮಂದ. ಅದಕ್ಕೆ ತೂಕ, ಮನೆತನದ ಶುಗರ್ ಕೂಡಿದರೆ ಇನ್ನೂ ಮಂದ. ಕುತ್ತಿಗೆಯ ಕಪ್ಪು ಇದರ ಗುರುತೇ ಇರಬಹುದು. ಅದು ಕೊಳೆ ಅಲ್ಲ, ದಯವಿಟ್ಟು ಕಲ್ಲು ಹಚ್ಚಿ ತಿಕ್ಕಬೇಡಿ.

ಮುಂಜಾನೆ 15–20 ಗ್ರಾಂ ಪ್ರೋಟೀನ್ ಲೆಕ್ಕ ಇಟ್ಟುಕೊಳ್ಳಿ. ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 5, ಒಂದು ವಾಟಗಾ ಮೊಳಕೆ ಮಡಕಿಕಾಳಿನ ಪಲ್ಯದಲ್ಲಿ 7, ಒಂದು ವಾಟಗಾ ಮೊಸರಿನಲ್ಲಿ 5. ಬಡಿಯಲು ಹೊತ್ತಿಲ್ಲದಿದ್ದರೆ ಖಡಕ್ ರೊಟ್ಟಿ, ಎರಡು ದೊಡ್ಡ ಚಮಚ ಶೇಂಗಾ ಹಿಂಡಿ, ಮೊಸರು. ತಿನ್ನುವವರಾದರೆ ಕುದಿಸಿದ ತತ್ತಿ ಒಂದು, ಅದರಲ್ಲಿ 6 ಗ್ರಾಂ. ಮೊದಲು ಪಲ್ಯ, ಆಮೇಲೆ ರೊಟ್ಟಿ ತಿಂದರೆ ಸಕ್ಕರೆ ಏರುವ ವೇಗ ತಗ್ಗುತ್ತದೆ. ಜೋಳ ಅಂದರೆ ಸಕ್ಕರೆ ಏರುವುದೇ ಇಲ್ಲ ಅನ್ನುವ ಮಾತು ನಂಬಬೇಡಿ: 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೊಹೈಡ್ರೇಟ್ ಇದೆ. ಆರೂವರೆಗೆ ಹಸಿವಿಲ್ಲದಿದ್ದರೆ ಹಾಲು, ಒಂದು ಹಿಡಿ ಶೇಂಗಾ ಕೊಟ್ಟು ಉಳಿದದ್ದನ್ನು ಡಬ್ಬಿಗೆ ಕಟ್ಟಿ. ರಾತ್ರಿ ಹತ್ತೂವರೆಗೆ ಉಣ್ಣುವ ಮಕ್ಕಳಿಗೆ ಮುಂಜಾನೆ ಹಸಿವಾಗದು, ಊಟ ಎಂಟರ ಸುಮಾರಿಗೆ ತನ್ನಿ.

ಬೆಳೆಯುವ ಮಗುವಿಗೆ ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಹಚ್ಚಬೇಡಿ, ವಯಸ್ಸಿನ ಚಾರ್ಟ್ ಬೇರೆ. ಮನೆಯಲ್ಲಾದರೆ ಟೇಪ್ ಹಿಡಿದು ನೋಡಿ: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ವೈದ್ಯರಿಗೆ ತೋರಿಸಿ ಎಂಟು ತಾಸು ಉಪವಾಸದ ಸಕ್ಕರೆ ಮಾಡಿಸಿ. 100ರ ಒಳಗೆ ಸರಿ, 100–125 ಎಚ್ಚರಿಕೆ, 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮತ್ತೊಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಳ್ಳಬೇಕು. ಎಚ್‌ಬಿಎಒನ್‌ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಮಾಡಿಸುವಾಗ ಹಿಮೋಗ್ಲೋಬಿನ್ ಸಹ ನೋಡಿಸಿ. ಕಬ್ಬಿಣದ ಕೊರತೆ ಇದ್ದರೆ ಆ ಅಂಕಿ ಸುಮ್ಮಸುಮ್ಮನೆ ಏರಿ ಕಾಣುತ್ತದೆ.

ಪ್ರಶ್ನೆ (ಗದಗ): ನಮ್ಮಲ್ಲಿ ವಾರಕ್ಕ ನಾಕು ದಿನ ಚುರಮುರಿ ಸುಸಲಾನ. ಎಣ್ಣಿ ಕಮ್ಮಿ ಹಾಕ್ತೇವ್ರಿ, ನಡೀತೈತಲ್ಲ?

ಉತ್ತರ: ಇಲ್ಲಿ ತೊಡಕು ಎಣ್ಣೆಯದಲ್ಲ, ಚುರಮುರಿಯದು. ಉಬ್ಬಿದ ಅಕ್ಕಿ ಬಲು ಬೇಗ ಅರಗಿ ಸಕ್ಕರೆಯನ್ನೂ ಬೇಗ ಏರಿಸುತ್ತದೆ. 50 ಗ್ರಾಂನಲ್ಲಿ ಪ್ರೋಟೀನ್ 4 ಗ್ರಾಂ ಅಷ್ಟೇ. ತೋಯಿಸಿ ಹಿಂಡಿದಾಗ ಕುಗ್ಗುವುದರಿಂದ ಎಷ್ಟು ತಿಂದೆವೆಂದು ಗೊತ್ತೇ ಆಗುವುದಿಲ್ಲ, ಹಾಗಾಗಿ ಒಣಗಿದ್ದಾಗಲೇ ಅಳೆಯಿರಿ. ಈಗಿನ ಅರ್ಧ ಚುರಮುರಿ ಸಾಕು. ಉಳಿದರ್ಧ ಉಳ್ಳಾಗಡ್ಡಿ, ಗಜ್ಜರಿ, ಬೇಯಿಸಿದ ಮೊಳಕೆ ಹೆಸರುಕಾಳು. ಮೇಲೆ ಒಂದು ಹಿಡಿ ಹುರಿದ ಶೇಂಗಾ, ಎರಡು ಚಮಚ ಪುಟಾಣಿ ಹಿಟ್ಟು. ಅವಲಕ್ಕಿಗೂ ಇದೇ ಅಳತೆ.

ಪ್ರಶ್ನೆ (ಹಾವೇರಿ): ನಾಷ್ಟಾ ಆಗಿ ಒಂದು ತಾಸಿಗೆ ಮನಿ ಮಷಿನ್‌ದಾಗ ಮಗಂದು 168 ತೋರಿಸ್ತು. ಶುಗರ್ ಬಂತೇನ್ರಿ?

ಉತ್ತರ: ಆ ಒಂದು ಅಂಕಿಯಿಂದ ಹೇಳಲಾಗದು ಅಣ್ಣಾರ. ಒಂದು ತಾಸಿಗೆ ಸಕ್ಕರೆ ಮೇಲೆಯೇ ಇರುತ್ತದೆ. ಎರಡು ತಾಸಿಗೆ 140ರ ಒಳಗೆ ಇಳಿಯಬೇಕು. ಬಾಳೆಹಣ್ಣು, ಪೇಡೆ ಮುಟ್ಟಿದ ಬೆರಳನ್ನೇ ಚುಚ್ಚಿದರೆ ಮಷಿನ್ ಹೆಚ್ಚು ತೋರಿಸುತ್ತದೆ. ಸಾಬೂನಿನಿಂದ ಕೈ ತೊಳೆದು, ಒರೆಸಿ ಮತ್ತೆ ನೋಡಿ. ರೋಗ ಇದೆ-ಇಲ್ಲ ಎನ್ನುವುದು ಲ್ಯಾಬಿನ ರಕ್ತಪರೀಕ್ಷೆಯಲ್ಲೇ ತೀರ್ಮಾನ. ಆದರೆ ಹುಡುಗನಿಗೆ ವಿಪರೀತ ನೀರಡಿಕೆ, ರಾತ್ರಿ ಪದೇ ಪದೇ ಮೂತ್ರ, ಉಂಡರೂ ತೂಕ ಇಳಿತ ಇದ್ದರೆ ನಾಳೆ ಅನ್ನಬೇಡಿ, ಅಂದೇ ಆಸ್ಪತ್ರೆಗೆ ಒಯ್ಯಿರಿ. ಅದು ಟೈಪ್ ಒಂದು ಮಧುಮೇಹ (ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಲ್ಲುವ ರೋಗ) ಇರಬಹುದು, ನಾಷ್ಟಾದಿಂದ ಬರುವುದೂ ಅಲ್ಲ, ನಾಷ್ಟಾ ಬದಲಿಸಿದರೆ ಹೋಗುವುದೂ ಅಲ್ಲ.