ಮಣ್ಣು ಒದ್ದೆ ಇದ್ದರೂ ಟೊಮೆಟೊ ಸಸಿ ಬಾಡುತ್ತಿದೆ, ಕೆಳಗಿನ ಎಲೆ ಹಳದಿ: ಗೊಬ್ಬರ ಸಾಲದೆ?

ಚಿಗುರು (ಪ್ರಶ್ನೆ)

ಆರು ಟೊಮೆಟೊ ಸಸಿಗಳಿವೆ. ಮೊಳೆತು ಇಂದಿಗೆ 34 ದಿನ. ಟ್ರೇಯಲ್ಲಿದ್ದಷ್ಟು ದಿನ ದೃಷ್ಟಿ ತಾಗುವಂತಿದ್ದವು. 22ನೇ ದಿನ ದೊಡ್ಡ ಕುಂಡಗಳಿಗೆ ನೆಟ್ಟೆ, ಅಲ್ಲಿಂದ ಶುರುವಾಯಿತು ಗ್ರಹಚಾರ.

ಬೆಳವಣಿಗೆ ಪೂರ್ತಿ ನಿಂತಿದೆ. ಬೀಜದೆಲೆಗಳು ಹಳದಿಯಾಗಿ ಉದುರಿದವು, ಈಗ ಅವುಗಳ ಮೇಲಿನ ಜೋಡಿಯೂ ಅದೇ ದಾರಿ ಹಿಡಿದಿದೆ. ಉಳಿದ ಎಲೆಗಳು ಕೊಕ್ಕೆಯ ಹಾಗೆ ಕೆಳಕ್ಕೆ ಬಾಗಿವೆ. ಮಧ್ಯಾಹ್ನ ಬಾಡುತ್ತವೆ, ನೀರು ಹಾಕಿದರೂ ಏಳುವುದಿಲ್ಲ. ಎರಡು ಸಸಿಗಳಲ್ಲಿ ಎಲೆಯ ಅಂಚು ಸುಟ್ಟ ಕಾಗದದಂತೆ ಕಂದಾಗಿದೆ. ಕುಂಡ ಅಲುಗಿಸಿದರೆ ಸಣ್ಣ ಕಪ್ಪು ನೊಣಗಳು ಏಳುತ್ತವೆ.

ಕುಂಡ 12 ಲೀಟರಿನದು, ತಳದಲ್ಲಿ ನೀರು ಬಸಿಯಲಿ ಎಂದು ಮೂರು ಬೆರಳು ದಪ್ಪಕ್ಕೆ ಜಲ್ಲಿ ಹಾಕಿದ್ದೇನೆ. ಚೀಲದಲ್ಲಿ ಬರುವ ಸಿದ್ಧ ಪಾಟಿಂಗ್ ಮಿಶ್ರಣ. ತೆಂಗಿನ ನಾರಿನ ಪುಡಿಯೇ ಹೆಚ್ಚು, ಜೊತೆಗೆ ಕಾಂಪೋಸ್ಟ್ ಮತ್ತು ಸ್ವಲ್ಪ ಪರ್ಲೈಟ್ (ಗಾಳಿಯಾಡಲೆಂದು ಬೆರೆಸುವ ಹಗುರ ಬಿಳಿ ಹರಳು). ಮೇಲ್ಮೈ ಬೇಗ ಒಣಗುವುದರಿಂದ ದಿನವೂ ಬೆಳಿಗ್ಗೆ ಅರ್ಧ ಲೀಟರ್ ನೀರು. ಹಳದಿ ಕಂಡಾಗಿನಿಂದ 19-19-19 ಗೊಬ್ಬರ, ಲೀಟರಿಗೆ ಒಂದು ಚಹಾ ಚಮಚದಂತೆ, ಮೂರು ದಿನಕ್ಕೊಮ್ಮೆ. ನಾಲ್ಕು ಸಲ ಆಯಿತು. ಪ್ರಮಾಣ ಹೆಚ್ಚಿಸಬೇಕೆ?

ಮೂರೆಲೆ

ಮೆಗ್ನೀಸಿಯಮ್ ಕೊರತೆ ಇರಬಹುದು. ನನ್ನ ಗಿಡಗಳಿಗೂ ಹೀಗೇ ಆಗಿತ್ತು, ಎಪ್ಸಮ್ ಸಾಲ್ಟ್ (ಮೆಗ್ನೀಸಿಯಮ್ ಸಲ್ಫೇಟ್) ಸಿಂಪಡಿಸಿದ ಮೇಲೆ ಸರಿಹೋಯಿತು. ಅರ್ಧ ಚಮಚ ಒಂದು ಲೀಟರ್ ನೀರಿಗೆ ಹಾಕಿ ನೋಡಿ.

ಎರೆಹುಳು

ದಯವಿಟ್ಟು ಸದ್ಯಕ್ಕೆ ಏನನ್ನೂ ಹಾಕಬೇಡಿ, ನೀರನ್ನೂ ಸೇರಿಸಿ. ಮೊದಲು ಇಷ್ಟು ನೋಡಿ ಹೇಳಿ. ಕುಂಡ ಎತ್ತಿದರೆ ಹಗುರವೋ ಭಾರವೋ? ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಇಳಿಸಿದರೆ ಏನು ತಾಗುತ್ತದೆ? ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದೆಯೆ? ತಳದ ರಂಧ್ರಕ್ಕೆ ಮೂಗು ಹಿಡಿದರೆ ವಾಸನೆ ಹೇಗಿದೆ? ಇನ್ನು, ಹಳದಿ ಬಣ್ಣ ನರಗಳ ನಡುವೆ ಮಾತ್ರ ಇದೆಯೋ, ನರವೂ ಸೇರಿ ಇಡೀ ಎಲೆ ಹಳದಿಯೋ?

ಚಿಗುರು

ಎರಡು ಕೈ ಹಾಕಿ ಎತ್ತಬೇಕು. ತೂಕ ಮಾಡಿದೆ: 8 ಕಿಲೋ 600 ಗ್ರಾಂ. ಮೇಲೆ ತಿಳಿ ಕಂದು, ಒಣಗಿದಂತೆ ಕಾಣುತ್ತದೆ, ಆದರೆ ಬೆರಳು ಇಳಿಸಿದರೆ ಹಿಂಡಿದ ಬಟ್ಟೆಯಷ್ಟು ಒದ್ದೆ. ಬಿಸಿಲಿಗೆ ಬೇಕಾಗುತ್ತದೆ ಎಂದು ತಟ್ಟೆಯ ನೀರನ್ನು ನಾನೇ ಬಿಡುತ್ತಿದ್ದೆ. ವಾಸನೆ, ಹೇಳಲು ಸಂಕೋಚ, ಚರಂಡಿಯದು. ಹಳದಿ ಇಡೀ ಎಲೆಗೆ ಬಂದಿದೆ, ನರವೂ ಬಿಟ್ಟಿಲ್ಲ.

ಎರೆಹುಳು

ಹಾಗಾದರೆ ನಿಮ್ಮ ಸಸಿಗಳಿಗೆ ಹಸಿವಾಗಿಲ್ಲ, ಉಸಿರು ಕಟ್ಟಿದೆ.

ಬೇರು ನೀರು ಕುಡಿಯುವುದಷ್ಟೇ ಅಲ್ಲ, ಉಸಿರಾಡುತ್ತದೆ ಕೂಡ. ಮಿಶ್ರಣದ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಆಮ್ಲಜನಕ ಒಳಗೆ ಹೋಗುವ ದಾರಿಯೇ ಇಲ್ಲ. ಉಸಿರು ನಿಂತ ಬೇರು ನೀರನ್ನೂ ಎಳೆಯಲಾರದು, ಸಾರಜನಕವನ್ನೂ ಎಳೆಯಲಾರದು. ಆದ್ದರಿಂದಲೇ ಒದ್ದೆ ಮಣ್ಣಿನಲ್ಲಿ ನಿಂತು ಗಿಡ ಬಾಡುತ್ತದೆ. ಬೇರಿನಿಂದ ಸಾರಜನಕ ಬಾರದಿದ್ದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ, ಕೆಳಗಿನ ಎಲೆ ಹಳದಿಯಾಗುತ್ತದೆ. ಕೊರತೆ ನಿಜ, ಆದರೆ ಅದು ಗೊಬ್ಬರ ಇಲ್ಲದ ಕೊರತೆಯಲ್ಲ. (ಬೀಜದೆಲೆ ಉದುರಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವು ಕೆಲಸ ಮುಗಿದ ಮೇಲೆ ಹೇಗೂ ಹೋಗುತ್ತವೆ.)

ಕೊಕ್ಕೆಯಂತೆ ಬಾಗಿದ ಎಲೆಯೇ ಇಲ್ಲಿ ದೊಡ್ಡ ಸುಳಿವು. ಬೇರಿಗೆ ಗಾಳಿ ಸಿಗದಾಗ ಎಥಿಲೀನ್ (ಅನಿಲ ರೂಪದ ಸಸ್ಯ ಹಾರ್ಮೋನು) ಆಗಬೇಕಾದ ವಸ್ತು ಬೇರಿನಲ್ಲೇ ಶೇಖರವಾಗಿ ಕಾಂಡದ ಮೂಲಕ ಮೇಲೇರುತ್ತದೆ. ಎಲೆಯ ಬಳಿ ಆಮ್ಲಜನಕ ಸಿಕ್ಕ ಕೂಡಲೆ ಅದು ಎಥಿಲೀನ್ ಆಗುತ್ತದೆ. ಆಗ ಎಲೆತೊಟ್ಟಿನ ಮೇಲ್ಬದಿ ಕೆಳಬದಿಗಿಂತ ಬೇಗ ಹಿಗ್ಗಿ, ತೊಟ್ಟು ಕೆಳಕ್ಕೆ ಮಡಿಯುತ್ತದೆ. ಟೊಮೆಟೊದಲ್ಲಿ ಇದು ಎದ್ದು ಕಾಣುತ್ತದೆ. ಬಾಯಾರಿದ ಗಿಡದ ಎಲೆ ಹೀಗಲ್ಲ: ಅದು ತೆಳುವಾಗಿ, ಜೀವವಿಲ್ಲದ ಚಿಂದಿಯಂತೆ ಜೋತು ಬೀಳುತ್ತದೆ, ನೀರು ಕಂಡ ಒಂದೆರಡು ಗಂಟೆಯಲ್ಲಿ ಏಳುತ್ತದೆ. ನಿಮ್ಮದನ್ನು ಮುಟ್ಟಿ ನೋಡಿ, ಬೆಳಗಿನ ಹೊತ್ತು ಬಾಗಿದ್ದರೂ ಬಿಗಿಯಾಗಿಯೇ ಇರುತ್ತದೆ.

ಈಗ ಜಲ್ಲಿಯ ವಿಷಯ. ಇದನ್ನು ಹೇಳಿದಾಗಲೆಲ್ಲ ಯಾರಾದರೂ ಜಗಳಕ್ಕೆ ಬರುತ್ತಾರೆ, ಆದರೂ ಹೇಳುತ್ತೇನೆ. ತಳದಲ್ಲಿ ಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುವುದಿಲ್ಲ. ಪುಡಿಯಂಥ ಮಿಶ್ರಣ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತನ್ನ ಕೆಳಪದರ ಪೂರ್ತಿ ತೊಯ್ದು ತುಂಬುವವರೆಗೆ ಕಲ್ಲುಗಳ ದೊಡ್ಡ ಸಂದಿಗೆ ಅದನ್ನು ಬಿಟ್ಟುಕೊಡುವುದಿಲ್ಲ. ಅಂದರೆ ಮೊದಲು ಕುಂಡದ ತಳದಲ್ಲಿರುತ್ತಿದ್ದ ಕೆಸರಿನ ಪದರ ಈಗ ಮೂರು ಬೆರಳು ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬಂದು ಕೂತಿದೆ. ನಂಬಿಕೆ ಬಾರದಿದ್ದರೆ ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ, ಅಡ್ಡಲಾಗಿ ಅಂಗೈ ಮೇಲೆ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಲಂಬವಾಗಿ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಎತ್ತರ ಹೆಚ್ಚಿದಷ್ಟೂ ನೀರು ಇಳಿಯುತ್ತದೆ. ಕಲ್ಲು ಹಾಕಿ ನೀವು ಮಿಶ್ರಣದ ಎತ್ತರ ಕಡಿಮೆ ಮಾಡಿದಿರಿ.

ಅದರ ಮೇಲೆ 12 ಲೀಟರಿನ ಕುಂಡ. ಅಂಗೈಯಷ್ಟು ಬೇರಿರುವ ಸಸಿ ಅಷ್ಟು ನೀರನ್ನು ಯಾವಾಗ ಕುಡಿದು ಮುಗಿಸಬೇಕು? ನಾರಿನ ಪುಡಿಯ ಗುಣವೇ ಮೋಸದ್ದು: ಮೇಲಿನ ಒಂದು ಸೆಂಟಿಮೀಟರ್ ಒಣಗಿ ಬಣ್ಣ ಬದಲಾಯಿಸುತ್ತದೆ, ಕೆಳಗೆ ವಾರಗಟ್ಟಲೆ ತೇವ ಇರುತ್ತದೆ. ಆ ಕಪ್ಪು ನೊಣಗಳು ಬಂದಿರುವುದೂ ಅದಕ್ಕೇ. ಅವುಗಳ ಮರಿಗಳಿಗೆ ಮೇಲ್ಮೈಯ ತುಸು ಕೆಳಗೆ ಸದಾ ಒದ್ದೆ ಬೇಕು.

ಗೊಬ್ಬರದ ಲೆಕ್ಕ ನೀವೇ ಮಾಡಿ. 19-19-19ರ ತೂಕದಲ್ಲಿ ನೂರಕ್ಕೆ 19 ಭಾಗ ಸಾರಜನಕ. ಲೀಟರಿಗೆ 1 ಗ್ರಾಂ ಎಂದರೆ 190 ಮಿಲಿಗ್ರಾಂ. ನಿಮ್ಮ ಚಮಚ ಸುಮಾರು 5 ಗ್ರಾಂ ಹಿಡಿಯುತ್ತದೆ, ಅಂದರೆ 950. ಈ ವಯಸ್ಸಿನ ಸಸಿಗೆ 50ರಿಂದ 100 ಇದ್ದರೆ ಧಾರಾಳ. ಅಂಚು ಸುಟ್ಟಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನನ್ನ ಸಲಹೆ: ಒಮ್ಮೆ ಬರಿಯ ನೀರು ಧಾರಾಳವಾಗಿ ಹರಿಸಿ ಗೊಬ್ಬರದ ಉಪ್ಪು ತೊಳೆಯಿರಿ, ಆಮೇಲೆ ಕುಂಡ ಹಗುರಾಗುವವರೆಗೆ ಮುಟ್ಟಬೇಡಿ.

ಹಳೇ ಕುಂಡ

ರೋಗನಿರ್ಣಯ ಒಪ್ಪಿದೆ, ಕೊನೆಯ ಸಾಲು ಒಪ್ಪಲಾರೆ. ಉಪ್ಪು ತೊಳೆಯಲು ಕುಂಡದ ಅಳತೆಯ ಎರಡು ಪಟ್ಟಾದರೂ ನೀರು ಬೇಕು. ಒಂದೊಂದಕ್ಕೆ 24 ಲೀಟರ್! ಮುಳುಗುತ್ತಿರುವವನ ಮೇಲೆ ಬಾವಿಯನ್ನೇ ಮಗುಚಿದ ಹಾಗೆ. ದೊಡ್ಡ ಗಿಡವಾಗಿದ್ದರೆ ನಾನೂ ತೊಳೆಯುತ್ತಿದ್ದೆ. ಇವು ನಾಲ್ಕೈದು ಎಲೆಯ ಸಸಿಗಳು. ಕಿತ್ತು 1 ಲೀಟರಿನ ಕುಂಡಕ್ಕೆ ಹೊಸ ಮಿಶ್ರಣದಲ್ಲಿ ನೆಟ್ಟರೆ ಉಪ್ಪೂ ಹೋಯಿತು, ಕೆಸರೂ ಹೋಯಿತು.

ಎರೆಹುಳು

ಬಳಲಿದ ಬೇರನ್ನು ಮತ್ತೆ ಅಲುಗಿಸಬೇಕಲ್ಲ ಎಂಬುದು ನನ್ನ ಅಳುಕು. ಆದರೆ 24 ಲೀಟರಿನ ಮಾತು ನಿಜ, ಅಷ್ಟು ಯೋಚಿಸಿರಲಿಲ್ಲ. ಚಿಗುರು, ಅಂಚು ಸುಟ್ಟ ಎರಡನ್ನು ಮೊದಲು ಕಿತ್ತು ಬೇರು ನೋಡಿ. ಉಳಿದ ನಾಲ್ಕು ಕುಂಡಗಳನ್ನು ತಟ್ಟೆಯಿಂದ ತೆಗೆದು, ಒಂದು ಬದಿಗೆ ಇಟ್ಟಿಗೆ ಕೊಟ್ಟು ಓರೆಯಾಗಿ ನಿಲ್ಲಿಸಿ. ಸ್ಪಂಜಿನ ಕಥೆಯೇ, ಓರೆ ಮಾಡಿದರೆ ನಿಂತ ನೀರು ಇಳಿಯುತ್ತದೆ.

ಚಿಗುರು

ಓರೆ ಮಾಡಿದ ಹತ್ತು ನಿಮಿಷಕ್ಕೆ ಒಂದು ಕುಂಡದಿಂದ ಎರಡು ಲೋಟ ನೀರು ಬಂತು. ಕಂದು ಬಣ್ಣ, ಅದೇ ವಾಸನೆ. ನಾನು ಆ ದಿನ ನೀರು ಹಾಕಿರಲೂ ಇಲ್ಲ.

ಎರಡು ಸಸಿ ಕಿತ್ತೆ. 12 ದಿನವಾದರೂ ಬೇರಿನ ಉಂಡೆ ಟ್ರೇಯ ಗುಳಿಯ ಆಕಾರದಲ್ಲೇ ಇತ್ತು. ಹೊಸ ಮಿಶ್ರಣಕ್ಕೆ ಒಂದು ಎಳೆಯೂ ಹೋಗಿಲ್ಲ. ಮೊದಲನೆಯದರಲ್ಲಿ ಬೇರೆಲ್ಲ ಕಂದು. ಒಂದನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಹೊರಗಿನ ಸಿಪ್ಪೆ ಜಾರಿ ಕೈಗೆ ಬಂತು, ಒಳಗೆ ಕೂದಲಿನಂಥ ದಾರ ಮಾತ್ರ ಉಳಿಯಿತು. ಎರಡನೆಯದರ ತುದಿಗಳು ಕಂದು, ಕಾಂಡದ ಹತ್ತಿರ ಬಿಳಿ ಬೇರು ಇದೆ. ಒಂದೆರಡು ಹೊಸ ಮೊನೆಗಳೂ ಕಂಡಂತಾಯಿತು, ಅಥವಾ ನನ್ನ ಆಸೆಯೋ.

ಹಳೇ ಕುಂಡ

ಸಿಪ್ಪೆ ಜಾರಿ ದಾರ ಉಳಿದರೆ ಅದು ಬೇರು ಕೊಳೆ, ಬಹುಮಟ್ಟಿಗೆ ಪಿಥಿಯಮ್ ಎಂಬ, ಒದ್ದೆಯಲ್ಲಿ ಬೆಳೆಯುವ ಶಿಲೀಂಧ್ರದಂಥ ಸೂಕ್ಷ್ಮಜೀವಿಯದು. ಆ ಸಸಿಯನ್ನು ಮಣ್ಣಿನ ಸಮೇತ ಎಸೆಯಿರಿ, ಕುಂಡವನ್ನು ಸೋಪು ಹಾಕಿ ತೊಳೆಯಿರಿ, ಆ ಮಿಶ್ರಣವನ್ನು ಬೇರೆ ಸಸಿಗೆ ಬಳಸಬೇಡಿ. ಎರಡನೆಯದು ಬದುಕುತ್ತದೆ. ಟೊಮೆಟೊ ಕಾಂಡದಿಂದಲೂ ಬೇರು ಬಿಡುವ ಜಾತಿ. ಮೊದಲ ಎಲೆಯವರೆಗೆ ಆಳವಾಗಿ ನೆಡಿ. ಉಳಿದ ನಾಲ್ಕಕ್ಕೂ ಅದೇ ಮಾಡಿ, ಕಾಯಬೇಡಿ.

ಚಿಗುರು (9 ದಿನಗಳ ನಂತರ)

ಒಂದು ಹೋಯಿತು, ಐದು ಉಳಿದಿವೆ. ಐದೂ 1 ಲೀಟರಿನ ಕುಂಡದಲ್ಲಿ, ಕಲ್ಲಿಲ್ಲದೆ, ಹೆಚ್ಚು ಪರ್ಲೈಟ್ ಬೆರೆಸಿದ ಹೊಸ ಮಿಶ್ರಣದಲ್ಲಿವೆ. ಮೊದಲ ಐದು ದಿನ ಏನೂ ಆಗಲಿಲ್ಲ, ಕೈ ಕಟ್ಟಿ ಕೂರುವುದು ನೀರು ಹಾಕುವುದಕ್ಕಿಂತ ಕಷ್ಟ ಎಂದು ಗೊತ್ತಾಯಿತು. ಆರನೇ ದಿನ ನಡುವಿನ ಚಿಗುರು ಬಣ್ಣ ತಿರುಗಿತು. ಈಗ ಹೊಸ ಎಲೆಗಳು ಸಮವಾಗಿ ಚಾಚಿವೆ. ಹಳೆಯ ಹಳದಿ ಎಲೆಗಳು ಮಾತ್ರ ಹಸಿರಾಗಲಿಲ್ಲ. ನೊಣ ಒಂದೆರಡು ಇವೆ.

ಇನ್ನು ನೀರು ಯಾವಾಗ, ಗೊಬ್ಬರ ಯಾವಾಗ ಎಂದು ಹೇಳಿಬಿಡಿ. "ಬೇಕಾದಾಗ ಹಾಕಿ" ಎಂದು ಮಾತ್ರ ಹೇಳಬೇಡಿ.

ಎರೆಹುಳು

ಹಳದಿಯಾದದ್ದು ಮತ್ತೆ ಹಸಿರಾಗುವುದಿಲ್ಲ, ಕಾಯಬೇಡಿ. ಇನ್ನು ಮುಂದೆ ಹೊಸ ಎಲೆಯನ್ನೇ ನೋಡಿ.

ನಿಮ್ಮಲ್ಲಿ ತಕ್ಕಡಿ ಇದೆಯಲ್ಲ, ಅದನ್ನೇ ಬಳಸಿ. ಒಂದು ಕುಂಡಕ್ಕೆ ತಳದಿಂದ ನೀರು ಬರುವವರೆಗೆ ನಿಧಾನವಾಗಿ ಹಾಕಿ, ಅರ್ಧ ಗಂಟೆ ಬಸಿಯಲು ಬಿಟ್ಟು ತೂಕ ಮಾಡಿ. ಇದು ತುಂಬಿದ ತೂಕ. ನಂತರ ದಿನವೂ ತೂಗುತ್ತಾ ಹೋಗಿ. ಬೆರಳಿಗೆ ಎರಡು ಗೆಣ್ಣಿನ ಆಳದಲ್ಲಿ ಒದ್ದೆಯಲ್ಲ, ಬರೀ ತಂಪು ತಾಗುವ ದಿನ ಕುಂಡದ ತೂಕ ಎಷ್ಟಿದೆಯೋ ಅದು ನೀರು ಹಾಕುವ ತೂಕ. ಎರಡನ್ನೂ ಕುಂಡದ ಮೇಲೆ ಬರೆಯಿರಿ. ಒಂದು ವಾರ ಹೀಗೆ ಮಾಡಿದರೆ ಆಮೇಲೆ ಕೈಯೇ ತಕ್ಕಡಿಯಾಗುತ್ತದೆ. ದಿನ ಎಣಿಸಬೇಡಿ, ಮೋಡದ ವಾರಕ್ಕೂ ಸುಡುಬಿಸಿಲಿನ ವಾರಕ್ಕೂ ಅಜಗಜಾಂತರ. ಹಾಕಿದಾಗ ಮಾತ್ರ ಪೂರ್ತಿ ಹಾಕಿ, ಮೇಲೆ ಚಿಮುಕಿಸಿ ಬಿಡಬೇಡಿ. ತಟ್ಟೆಯ ನೀರು ಚೆಲ್ಲಿ.

ಹೆದರಿ ಅತಿಯಾಗಿ ಒಣಗಿಸಿದರೂ ತೊಂದರೆಯೇ. ಮಿಶ್ರಣ ಕುಗ್ಗಿ ಕುಂಡದ ಗೋಡೆ ಬಿಡುತ್ತದೆ, ಹಾಕಿದ ನೀರು ಆ ಸಂದಿನಲ್ಲೇ ಸರ್ರನೆ ಇಳಿದು ತಟ್ಟೆ ತುಂಬುತ್ತದೆ, ನಡುವಿನ ಉಂಡೆ ಒಣಗಿಯೇ ಇರುತ್ತದೆ. ಆಗ ಕುಂಡವನ್ನು ಅರ್ಧ ಗಂಟೆ ನೀರಿನ ಬೋಗುಣಿಯಲ್ಲಿ ಇಟ್ಟು ಕೆಳಗಿನಿಂದ ಕುಡಿಸಬೇಕು.

ಗೊಬ್ಬರ: ಹೊಸ ಮಿಶ್ರಣದಲ್ಲಿ ಕಾಂಪೋಸ್ಟ್ ಇರುವುದರಿಂದ ಇನ್ನೊಂದು ವಾರ ಏನೂ ಬೇಡ. ಆಮೇಲೆ ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ, ನೀರಿನ ಸರದಿ ಬಂದಾಗ ಅದರ ಬದಲಿಗೆ. ಚಮಚ ನಂಬಬೇಡಿ, 5 ಗ್ರಾಂ ತೂಗಿ 10 ಲೀಟರ್ ಬಕೆಟಿಗೆ ಕರಗಿಸುವುದು ಸುಲಭ. ಎಲೆ ಕಡು ಹಸಿರಾಗಿ ತುದಿ ಕೆಳಗೆ ಸುರುಟಿದರೆ ಹೆಚ್ಚಾಗಿದೆ ಎಂದರ್ಥ, ಒಂದು ವಾರ ಬಿಡಿ.

ಮೂರೆಲೆ

ನನ್ನ ಎಪ್ಸಮ್ ಸಾಲ್ಟ್ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ನನ್ನ ಗಿಡದ ಹಳೆಯ ಫೋಟೊ ತೆಗೆದು ನೋಡಿದೆ: ಅಲ್ಲಿ ಕೆಳ ಎಲೆಯ ನರಗಳು ಹಸಿರಾಗಿಯೇ ಇದ್ದು ನಡುವೆ ಮಾತ್ರ ಹಳದಿ ಇತ್ತು. ಅದು ಮೆಗ್ನೀಸಿಯಮ್. ಇವರದು ಹಾಗಿರಲಿಲ್ಲ, ಓದದೆ ಬರೆದೆ.

ಚಿಗುರು (ಮತ್ತೆ 12 ದಿನಗಳ ನಂತರ)

ತುಂಬಿದ ತೂಕ 740 ಗ್ರಾಂ, ನೀರು ಹಾಕುವ ತೂಕ 480. ಮಾರ್ಕರ್‌ನಲ್ಲಿ ಐದೂ ಕುಂಡಗಳ ಮೇಲೆ ಬರೆದಿದ್ದೇನೆ. ಮೊದಲು ನಾಲ್ಕು ದಿನ ಹಿಡಿಯುತ್ತಿತ್ತು, ಈಗ ಎರಡೇ ದಿನಕ್ಕೆ 480ಕ್ಕೆ ಇಳಿಯುತ್ತಿದೆ. ಇಂದು ಬೆಳಿಗ್ಗೆ ಒಂದನ್ನು ಎತ್ತಿದಾಗ ತಳದ ರಂಧ್ರದಲ್ಲಿ ಬಿಳಿ ಬೇರಿನ ತುದಿ ಕಂಡಿತು. ಈಗಲಾದರೂ 12 ಲೀಟರಿಗೆ ಹೋಗಬಹುದೆ?

ಹಳೇ ಕುಂಡ

ನಡುವೆ 4 ಲೀಟರಿನದೊಂದು ನಿಲ್ದಾಣ ಇರಲಿ. ಜಲ್ಲಿ ಬೇಡ. ಹೊಸ ತೂಕ ಬರೆಯುವುದನ್ನು ಮರೆಯಬೇಡಿ.