ಮಗನಿಗೆ ರಾತ್ರಿ ಬೈಪ್ಯಾಪ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗುವ ಮಶೀನು) ಹಾಕಬೇಕಂತೆ, ಮನೆಯಲ್ಲಿ ಬಳಸಿದವರು ಹೇಳ್ತೀರಾ?

ಮಗನಿಗೆ 16 ವರ್ಷ, ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ, ಅಂದರೆ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಬಲ ಕಳೆದುಕೊಳ್ಳುವ ಕಾಯಿಲೆ. ಈಚೆಗೆ ಬೆಳಿಗ್ಗೆ ಎದ್ದ ಕೂಡಲೇ ತಲೆನೋವು ಅಂತಾನೆ, ತಿಂಡಿ ಸೇರುವುದಿಲ್ಲ. ಡಾಕ್ಟರು ರಾತ್ರಿ ಬೈಪ್ಯಾಪ್ ಹಾಕಿ ಎಂದಿದ್ದಾರೆ. ಅತ್ತೆ ಮಾತ್ರ "ಮಶೀನು ಅಭ್ಯಾಸವಾದರೆ ಬಿಡಿಸೋಕಾಗಲ್ಲ, ಆಕ್ಸಿಜನ್ ಸಾಕು" ಅಂತಾರೆ. ನಾವು ಬನಶಂಕರಿಯಲ್ಲಿದ್ದೇವೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ನಾಗರಭಾವಿಯಿಂದ:
ಅಕ್ಕಾ, ನಮ್ಮ ಮಗನಿಗೂ ಇದೇ ಕಾಯಿಲೆ. ಬೈಪ್ಯಾಪ್ ಶುರುವಾಗಿ 4 ವರ್ಷ ಆಯ್ತು. ಮೊದಲು ಆಕ್ಸಿಜನ್ ವಿಷಯ ಹೇಳಿಬಿಡುತ್ತೇನೆ, ನಾವು ಎಡವಿದ್ದೇ ಅಲ್ಲಿ. ಈ ಮಕ್ಕಳಲ್ಲಿ ತೊಂದರೆ ಇರುವುದು ಉಸಿರೆಳೆಯುವ ಸ್ನಾಯುಗಳಲ್ಲಿ. ನಿದ್ದೆಯಲ್ಲಿ ಅವು ಇನ್ನೂ ಸೋಲುತ್ತವೆ. ಕಾರ್ಬನ್ ಡೈಆಕ್ಸೈಡ್ ಪೂರ್ತಿ ಹೊರಗೆ ಹೋಗದೆ ರಕ್ತದಲ್ಲಿ ಉಳಿಯುತ್ತದೆ. ಬೆಳಗಿನ ತಲೆನೋವಿಗೆ ಹೆಚ್ಚಾಗಿ ಅದೇ ಕಾರಣ. ಬರೀ ಆಕ್ಸಿಜನ್ ಕೊಟ್ಟರೆ ಬೆರಳಿನ ಆಕ್ಸಿಮೀಟರ್ 98 ತೋರಿಸುತ್ತದೆ, ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಲೇ ಇರುತ್ತದೆ. ನಾವೂ ಹಾಗೇ ಕೊಟ್ಟು, ಮಗ ಮಧ್ಯಾಹ್ನದವರೆಗೂ ಮಂಪರಿನಲ್ಲೇ ಇದ್ದ. ರಕ್ತದಲ್ಲಿನ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಅಳೆಯುವ ಬ್ಲಡ್ ಗ್ಯಾಸ್ ಟೆಸ್ಟ್ ಮಾಡಿಸಿದ ಮೇಲೆ ಗೊತ್ತಾಯಿತು. ಇದನ್ನು ನಿಮ್ಮ ಅತ್ತೆಯವರಿಗೆ ಡಾಕ್ಟರ ಬಾಯಿಂದಲೇ ಹೇಳಿಸಿ.

ಅಭ್ಯಾಸದ ಭಯ ಬಿಡಿ. ಕಾಯಿಲೆ ಮುಂದುವರಿದಂತೆ ಹಾಕುವ ಹೊತ್ತು ಜಾಸ್ತಿ ಆಗಬಹುದು, ಅದು ಮಶೀನು ಮಾಡಿದ್ದಲ್ಲ.

ಕಷ್ಟ ಇರುವುದು ಮಾಸ್ಕ್‌ನದ್ದು. ಮೊದಲ ರಾತ್ರಿ 20 ನಿಮಿಷಕ್ಕೇ ಅತ್ತುಬಿಟ್ಟ. ಆಮೇಲೆ ಸಂಜೆ ಕ್ರಿಕೆಟ್ ನೋಡುವಾಗ ಹಾಕಿ ರೂಢಿ ಮಾಡಿಸಿದೆವು. ಗಾಳಿ ಸೋರುತ್ತದೆಂದು ಪಟ್ಟಿ ಬಿಗಿದು ಮೂಗಿನ ಮೇಲೆ ಗಾಯವಾಯಿತು. ಎರಡು ಥರದ ಮಾಸ್ಕ್ ಇಟ್ಟುಕೊಂಡು ಬದಲಾಯಿಸಿದ ಮೇಲೆ ವಾಸಿಯಾಯಿತು.

ಇನ್ನೊಂದು, ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಅವನಿಗೆ ಕೈ ಎತ್ತಿ ಮಾಸ್ಕ್ ತೆಗೆಯಲು ಆಗುವುದಿಲ್ಲ. ವಾಂತಿ ಬಂದರೆ ಏನು ಗತಿ? ಬೆರಳ ತುದಿ ಆಡುತ್ತದಲ್ವಾ, ಅದರಡಿಗೆ ವೈರ್‌ಲೆಸ್ ಕಾಲಿಂಗ್ ಬೆಲ್‌ನ ಸ್ವಿಚ್ಚನ್ನು ಟೇಪಿನಲ್ಲಿ ಅಂಟಿಸುತ್ತೇವೆ. ಬೆಲ್ಲು ನಮ್ಮ ದಿಂಬಿನ ಪಕ್ಕ. ಆ ಸ್ವಿಚ್ ಬಂದ ದಿನವೇ ಅವನು ಭಯಪಡದೆ ಮಲಗಿದ್ದು.

ಯಲಹಂಕದಿಂದ:
ನಮ್ಮವರಿಗೆ ಎಎಲ್‌ಎಸ್ (ನರಗಳು ಸೋತು ಸ್ನಾಯುಗಳು ಬಲ ಕಳೆದುಕೊಳ್ಳುವ ಕಾಯಿಲೆ), ನಿಮ್ಹಾನ್ಸ್‌ನಲ್ಲಿ ತೋರಿಸುತ್ತೇವೆ. ಮೇಡಂ, ಮಶೀನನ್ನು ಮೊದಲು ಬಾಡಿಗೆಗೆ ತನ್ನಿ. ಉಸಿರು ತಪ್ಪಿದರೆ ತಾನೇ ಕೊಡುವ ಬ್ಯಾಕಪ್ ರೇಟ್ ಇದೆಯಾ ಅಂತ ಕೇಳಿ, ಒಂದೇ ಒತ್ತಡದಲ್ಲಿ ಗಾಳಿ ಬಿಡುವ ಸಿಪ್ಯಾಪ್ ತಂದು ಮೋಸ ಹೋಗಬೇಡಿ. ಯುಪಿಎಸ್ ಬೇಕೇಬೇಕು. ಕರೆಂಟ್ ಹೋದಾಗ ಹ್ಯುಮಿಡಿಫೈಯರ್ (ಗಾಳಿಗೆ ತೇವ ಕೊಡುವ ಭಾಗ) ಆಫ್ ಮಾಡಿ, ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. ಮಂಚದ ಪಕ್ಕ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಇರಲಿ, ಒತ್ತುವುದನ್ನು ಮನೆಯವರೆಲ್ಲ ಕಲಿತಿರಲಿ. ಕೆಮ್ಮಿನ ರಭಸವನ್ನೂ ಅಳೆಸಿ. ನಿಮಿಷಕ್ಕೆ 270 ಲೀಟರ್‌ಗಿಂತ ಕಡಿಮೆ ಇದ್ದರೆ ಕಫ ತೆಗೆಯಲು ಸಹಾಯ ಬೇಕಾಗುತ್ತದೆ. ಕಫ ಕಟ್ಟಿದರೆ ಸುಮ್ನೆ ನೆಗಡಿ ಅಂತ ಬಿಡಬೇಡಿ.

ಬನಶಂಕರಿಯಿಂದ:
ಇಬ್ಬರಿಗೂ ಕೈಮುಗಿಯುತ್ತೇನೆ. ಅತ್ತೆಗೆ ಓದಿ ಹೇಳಿದೆ, ನಾಳೆ ಅವರೂ ಡಾಕ್ಟರ ಹತ್ತಿರ ಬರುತ್ತಾರಂತೆ. ಆ ಬೆಲ್ ಎಲ್ಲಿ ತಂದಿರಿ?

ನಾಗರಭಾವಿಯಿಂದ:
ಎಸ್‌.ಪಿ. ರೋಡಲ್ಲಿ. ಮೆತ್ತಗೆ ಒತ್ತಿದರೂ ಬಾರಿಸುವುದನ್ನು ನೋಡಿ ತಗೊಳ್ಳಿ, ಮಗನನ್ನು ಕರೆದುಕೊಂಡು ಹೋದರೆ ಒಳ್ಳೆಯದು.