‘ಲಾಸ್‌ಲೆಸ್’ ನೆಟ್‌ವರ್ಕ್ ಅಂದರೆ ‘ನಷ್ಟರಹಿತ’ವೇ?

ಎಲ್ಲರಿಗೂ ನಮಸ್ಕಾರ.

ಮಂಡ್ಯದ ಡಿಪ್ಲೊಮಾ ಹುಡುಗರಿಗಾಗಿ ಸ್ಟೋರೇಜ್ ನೆಟ್‌ವರ್ಕ್ ಬಗ್ಗೆ ಕನ್ನಡದಲ್ಲಿ ಲ್ಯಾಬ್ ಕೈಪಿಡಿ ಬರೆಯುತ್ತಿದ್ದೇನೆ. ಸರ್ವರ್ ಒಂದು ಕಡೆ, ಡಿಸ್ಕ್ ಇನ್ನೊಂದು ಕಡೆ ಇದ್ದಾಗ ನಡುವೆ ಡೇಟಾ ಸಾಗಿಸುವ ಪ್ರೊಟೊಕಾಲ್‌ಗಳ ಅಧ್ಯಾಯ ಅದು. ಅಲ್ಲಿ ಬರುವ ‘ಲಾಸ್‌ಲೆಸ್’ಗೆ ‘ನಷ್ಟರಹಿತ’ ಅಂತ ಹಾಕಲು ನನಗೆ ಮನಸ್ಸಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮಾಮೂಲಿ ಈಥರ್ನೆಟ್ ಸ್ವಿಚ್‌ನ ಬಫರ್ (ಬಂದ ಡೇಟಾ ಸ್ವಲ್ಪ ಹೊತ್ತು ಕಾಯುವ ಜಾಗ) ತುಂಬಿಹೋದರೆ, ಆಮೇಲೆ ಬಂದ ಫ್ರೇಮನ್ನು, ಅಂದರೆ ಡೇಟಾದ ಕಟ್ಟನ್ನು, ಅದು ಸುಮ್ನೆ ಬಿಸಾಕುತ್ತದೆ. ಕಳಿಸಿದವನಿಗೆ ಒಂದು ಮಾತು ಹೇಳುವುದೂ ಇಲ್ಲ. ಸ್ಟೋರೇಜ್‌ಗೆಂದೇ ಮಾಡಿದ ಫೈಬರ್ ಚಾನೆಲ್ ಜಾಲದ ದಾರಿ ಬೇರೆ. ‘ನನ್ನ ಹತ್ತಿರ ಇಷ್ಟು ಬಫರ್ ಇದೆ’ ಅಂತ ಆಚೆ ತುದಿ ಮೊದಲೇ ತಿಳಿಸಿರುತ್ತದೆ. ಅಷ್ಟು ಕ್ರೆಡಿಟ್, ಅಂದರೆ ಕಳಿಸಲು ಅನುಮತಿ, ಕಳಿಸುವವನ ಕೈಲಿರುತ್ತದೆ. ಒಂದು ಫ್ರೇಮ್ ಕಳಿಸಿದರೆ ಒಂದು ಕ್ರೆಡಿಟ್ ಖರ್ಚು. ಆಚೆ ಕಡೆ ಒಂದು ಬಫರ್ ಖಾಲಿಯಾದರೆ ‘ಆರ್-ರೆಡಿ’ ಸಂಕೇತ ಬರುತ್ತದೆ, ಒಂದು ಕ್ರೆಡಿಟ್ ವಾಪಸ್. ಕ್ರೆಡಿಟ್ ಸೊನ್ನೆಯಾದರೆ ಕಾಯಬೇಕು, ಅಷ್ಟೇ. ಇದೇ ಫ್ರೇಮುಗಳನ್ನು ಈಥರ್ನೆಟ್ ಮೇಲೆ ಓಡಿಸುವ ಎಫ್‌ಸಿಓಇ (ಫೈಬರ್ ಚಾನೆಲ್ ಓವರ್ ಈಥರ್ನೆಟ್) ಬಂದಾಗ ಈಥರ್ನೆಟ್‌ಗೂ ತಡೆದು ನಿಲ್ಲುವುದನ್ನು ಕಲಿಸಬೇಕಾಯಿತು. ಅಲ್ಲಿ ಟ್ರಾಫಿಕ್‌ಗೆ 8 ದರ್ಜೆ. ಸ್ಟೋರೇಜ್‌ನ ದರ್ಜೆಯನ್ನಷ್ಟೇ ನಿಲ್ಲಿಸಿ, ಉಳಿದದ್ದನ್ನು ಹರಿಯಲು ಬಿಡಬಹುದು.

ಈಗ ಐಸ್ಕಜಿ (iSCSI) ಅನ್ನೋ ಇನ್ನೊಂದು ಸ್ಟೋರೇಜ್ ಪ್ರೊಟೊಕಾಲ್ ನೋಡಿ. 2004ರಲ್ಲಿ ಆರ್‌ಎಫ್‌ಸಿ 3720 ಅನ್ನೋ ಇಂಟರ್ನೆಟ್ ಮಾನಕದ ದಾಖಲೆಯಾಗಿ ಬಂದದ್ದು. ಡಿಸ್ಕಿಗೆ ಓದು, ಬರೆ ಅಂತ ಹೇಳುವ ಸ್ಕಜಿ ಆಜ್ಞೆಗಳನ್ನು ಇಂಟರ್ನೆಟ್ಟಿನ ಸಾಗಣೆ ಪ್ರೊಟೊಕಾಲ್ ಆದ ಟಿಸಿಪಿ ಮೇಲೆ ಹೊರುತ್ತದೆ. ದಾರಿಯಲ್ಲಿ ಏನಾದರೂ ಬಿದ್ದುಹೋದರೆ ಟಿಸಿಪಿ ಮತ್ತೆ ಕಳಿಸುತ್ತದೆ. ಡಿಸ್ಕಿಗೆ ಸೇರಬೇಕಾದದ್ದು ಸೇರಿಯೇ ಸೇರುತ್ತದೆ, ಸ್ವಲ್ಪ ತಡ ಆಗಬಹುದು. ಹಾಗಿರುವಾಗ ಫೈಬರ್ ಚಾನೆಲ್ಲನ್ನು ಮಾತ್ರ ‘ನಷ್ಟರಹಿತ’ ಅಂದರೆ, ಐಸ್ಕಜಿಯಲ್ಲಿ ಡೇಟಾ ನಷ್ಟ ಆಗುತ್ತೆ ಅಂತ ಹುಡುಗರು ತಿಳಿಯುತ್ತಾರೆ ಅಲ್ವಾ? ಇನ್ನೊಂದು ಮಾತು: ಫೈಬರ್ ಚಾನೆಲ್‌ನಲ್ಲೂ ಬಿಟ್ ಕೆಟ್ಟು ಸಿಆರ್‌ಸಿ (ತಪ್ಪು ಹಿಡಿಯಲು ಜೊತೆಗಿಡುವ ಸಂಖ್ಯೆ) ತಾಳೆಯಾಗದ ಫ್ರೇಮನ್ನು ಕೈಬಿಡುತ್ತಾರೆ. ಅದು ಕೊಡುವ ಮಾತು ಒಂದೇ, ಬಫರ್ ತುಂಬಿತು ಅಂತ ಎಸೆಯುವುದಿಲ್ಲ.

ಪಿಎನ್‌ಜಿ ಚಿತ್ರಕ್ಕೆ ‘ನಷ್ಟರಹಿತ’ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಕುಗ್ಗಿಸಿ ಮತ್ತೆ ಬಿಚ್ಚಿದರೆ ಒಂದು ಬಿಟ್ಟೂ ಬದಲಾಗಿರುವುದಿಲ್ಲ. ಆ ಅರ್ಥವೇ ಬೇರೆ. ಇಂಗ್ಲಿಷ್ ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದೆ ಅಂತ ನಾವೂ ಹಾಗೇ ಮಾಡಬೇಕಿಲ್ಲ.

ಹಾಗಾದರೆ ಏನನ್ನೋಣ? ‘ಸೋರದ’ ಬೇಡ. ಡೇಟಾ ಸೋರಿಕೆ ಅಂದರೆ ಕಳ್ಳತನ ಅಂತಲೇ ಈಗ ಪತ್ರಿಕೆ ಓದುವವರಿಗೆ ಗೊತ್ತು. ಬಫರ್ ತುಂಬಿ ಫ್ರೇಮ್ ಬೀಳುವುದು ಕೆರೆ ಕೋಡಿ ಬಿದ್ದ ಹಾಗೆಯೇ. ಆದರೆ ಕೋಡಿ ಬಿದ್ದರೆ ನಮ್ಮ ಕಡೆ ಬಾಗಿನ ಕೊಡುತ್ತಾರೆ! ಶುಭದ ಪದವನ್ನು ಈ ಕೆಲಸಕ್ಕೆ ಎಳೆಯಲು ಕೈ ಬರಲಿಲ್ಲ. ಸದ್ಯಕ್ಕೆ ‘ಚೆಲ್ಲದ’ ಅಂತ ಬರೆದಿದ್ದೇನೆ: ‘ಚೆಲ್ಲದ ಈಥರ್ನೆಟ್’, ‘ಚೆಲ್ಲದ ಜಾಲ’. ಕಿವಿಗೆ ಹೇಗಿದೆ? ಫ್ರೇಮ್ ಡ್ರಾಪ್‌ಗೆ ‘ಚೆಲ್ಲಿಕೆ’ ಅನ್ನಬಹುದೇ, ಅಥವಾ ಆ ರೂಪ ಎಳೆದು ತಂದ ಹಾಗಿದೆಯೇ? ‘ಚೆಲ್ಲಾಟ’ ನೆನಪಾಗಿ ತರಗತಿ ನಕ್ಕರೆ ಅನ್ನೋ ಅನುಮಾನವೂ ಇದೆ.

ಇನಿಶಿಯೇಟರ್ (ಆಜ್ಞೆ ಕಳಿಸುವ ಸರ್ವರ್ ತುದಿ), ಟಾರ್ಗೆಟ್ (ಡಿಸ್ಕ್ ಇರುವ ತುದಿ) ಪದಗಳು ಹಾಗೇ ಇರಲಿ ಅಂತ ಬಿಟ್ಟಿದ್ದೇನೆ. ಕೆಲಸದ ಜಾಗದಲ್ಲಿ ಎಲ್ಲರೂ ಅದನ್ನೇ ಅನ್ನುತ್ತಾರೆ, ಕಮಾಂಡಿನಲ್ಲೂ ಅದೇ ಟೈಪ್ ಮಾಡಬೇಕು. ನನಗೆ ತೀರ್ಮಾನ ಬೇಕಿರುವುದು ‘ಚೆಲ್ಲದ’ದ ಬಗ್ಗೆ. ನೀರಾವರಿ ಕಡೆ ಕೆಲಸ ಮಾಡಿದವರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಪದ ಇದ್ದರೆ ದಯವಿಟ್ಟು ತಿಳಿಸಿ.